ಡಿವಿಡಿ ಮೇಲೆಯೇ ನೇರವಾಗಿ ಲೇಬಲ್ ಪ್ರಿಂಟ್ ಮಾಡುವುದು ಹೇಗೆ? ಸ್ಟಿಕ್ಕರ್ ಅಂಟಿಸಿ ಕೈ ಸುಟ್ಟುಕೊಂಡಿದ್ದೇನೆ

ಸಿರಸಿಯ ತಾಳಮದ್ದಳೆ ಪ್ರಿಯ

ಎಲ್ಲರಿಗೂ ನಮಸ್ಕಾರ. ನಾನು ಸಿರಸಿ ಕಡೆಯವನು. 30 ವರ್ಷದಿಂದ ನಮ್ಮ ಸುತ್ತಮುತ್ತಲಿನ ತಾಳಮದ್ದಳೆ, ಯಕ್ಷಗಾನ ರೆಕಾರ್ಡ್ ಮಾಡುತ್ತಾ ಬಂದಿದ್ದೇನೆ. ಮೊದಲು ಕ್ಯಾಸೆಟ್, ಆಮೇಲೆ ಹ್ಯಾಂಡಿಕ್ಯಾಮ್. 2005ರ ಹೊತ್ತಿಗೆ ಎಲ್ಲವನ್ನೂ ಸಿಡಿ, ಡಿವಿಡಿಗೆ ಇಳಿಸಿದೆ. ಪ್ರಸಂಗದ ಹೆಸರು, ಹಾಡುವ ಭಾಗವತರು, ಮಾತಾಡುವ ಅರ್ಥಧಾರಿಗಳು, ಊರು, ತಾರೀಕು ಎಲ್ಲ ಸೇರಿಸಿ ಲೇಬಲ್ ಮಾಡಿ, ಗುಂಡಗೆ ಕತ್ತರಿಸಿದ ಸ್ಟಿಕ್ಕರ್ ಹಾಳೆ ಮೇಲೆ ಪ್ರಿಂಟ್ ತೆಗೆದು ಒಂದೊಂದಕ್ಕೂ ಕೂತು ಅಂಟಿಸಿದ್ದೆ. ಆಗ ಬಹಳ ಖುಷಿ ಆಗಿತ್ತು.

ಹೋದ ತಿಂಗಳು ಒಂದು ಸಿಡಿ ಹಾಕಿದರೆ ಡ್ರೈವ್ ಗರಗರ ಅಂತ ಸದ್ದು ಮಾಡಿ ನಿಂತುಹೋಯಿತು. ತೆಗೆದು ನೋಡಿದರೆ ಸ್ಟಿಕ್ಕರಿನ ಅಂಚು ಎದ್ದಿದೆ, ನಡುವೆ ಗುಳ್ಳೆ. ಪೂರ್ತಿ ತೆಗೆದುಬಿಡೋಣ ಅಂತ ಉಗುರಿನಿಂದ ಮೆಲ್ಲಗೆ ಎಳೆದೆ. ಕಾಗದದ ಜೊತೆಗೆ ಬೆಳ್ಳಿ ಬಣ್ಣದ ಪೊರೆಯೂ ಕಿತ್ತುಬಂತು. ಕಿಟಕಿಗೆ ಹಿಡಿದರೆ ಹಿಟ್ಟಿನ ಜರಡಿ ಥರ ಆಚೆ ಬೆಳಕು ಕಾಣುತ್ತಿತ್ತು. ಮೂಲ ಕ್ಯಾಸೆಟ್ ಇನ್ನೂ ಇತ್ತು, ಅದಕ್ಕೆ ಬಚಾವಾದೆ. ಆದರೆ ಅದರಲ್ಲಿ ಮಾತಾಡಿದ ಅರ್ಥಧಾರಿಗಳಲ್ಲಿ ಇಬ್ಬರು ಈಗಿಲ್ಲ. ಆ ಕ್ಯಾಸೆಟ್ಟೂ ಇಲ್ಲದಿದ್ದರೆ ಏನು ಗತಿ ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಈಗ ಎಲ್ಲವನ್ನೂ ಹೊಸದಾಗಿ ಡಿವಿಡಿಗೆ ಹಾಕಿ ಕಲಾವಿದರ ಮನೆಗಳಿಗೆ ಕೊಡಬೇಕು ಅಂತಿದ್ದೇನೆ. ಸುಮಾರು 280 ಡಿಸ್ಕ್. ಸ್ಟಿಕ್ಕರ್ ಬೇಡವೇ ಬೇಡ. ಡಿಸ್ಕ್ ಮೇಲೆಯೇ ನೇರವಾಗಿ ಪ್ರಿಂಟ್ ಮಾಡಬಹುದು ಅಂತ ಕೇಳಿದ್ದೇನೆ. ಯಾವ ಪ್ರಿಂಟರ್, ಯಾವ ಡಿಸ್ಕ್, ಕನ್ನಡ ಅಕ್ಷರ ಸರಿಯಾಗಿ ಬರುತ್ತದಾ? ತಿಳಿದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ ಸ್ಟುಡಿಯೋ

ಸರ್, ನಿಮ್ಮ ಕಥೆ ಓದಿ ಹೊಟ್ಟೆ ಚುರ್ ಅಂತು. 20 ವರ್ಷ ಮದುವೆ ವಿಡಿಯೋ ಮಾಡಿದವನು ನಾನು, ಇದೇ ತಪ್ಪನ್ನು ನಾನೂ ಮಾಡಿದ್ದೇನೆ.

ಯಾಕೆ ಹೀಗಾಗುತ್ತದೆ ಅಂದರೆ, ಸಿಡಿಯ ದಪ್ಪ 1.2 ಮಿಲಿಮೀಟರ್. ಅದರಲ್ಲಿ ಹೆಚ್ಚುಕಮ್ಮಿ ಪೂರ್ತಿ ಪ್ಲಾಸ್ಟಿಕ್ಕೇ. ನಮ್ಮ ಡೇಟಾ ಇರುವ ಪದರ, ಅದರ ಮೇಲಿನ ಹೊಳೆಯುವ ಲೋಹದ ಪೊರೆ ಎರಡೂ ಇರುವುದು ಲೇಬಲ್ ಕಡೆ, ತೆಳ್ಳಗಿನ ಒಂದು ವಾರ್ನಿಷ್ ಕೆಳಗೆ. ಎಲ್ಲರೂ ಕೆಳಗಿನ ಹೊಳೆಯುವ ಬದಿಗೆ ಗೀರು ಬೀಳಬಾರದು ಅಂತ ಜೋಪಾನ ಮಾಡುತ್ತಾರೆ. ಸಿಡಿಯಲ್ಲಿ ನಿಜವಾಗಿ ನಾಜೂಕಾದದ್ದು ಮೇಲ್ಗಡೆ. ಅಲ್ಲಿಗೆ ಅಂಟು ಹಚ್ಚಿ, ಆಮೇಲೆ ಎಳೆದರೆ ಪೊರೆ ಬರದೇ ಇರುತ್ತದಾ?

ಡಿವಿಡಿ ಬೇರೆ. ಅಲ್ಲಿ 0.6 ಮಿಲಿಮೀಟರಿನ ಎರಡು ತಟ್ಟೆ ಅಂಟಿಸಿರುತ್ತಾರೆ, ಡೇಟಾ ನಡುವೆ ಇರುತ್ತದೆ. ಹಾಗಾಗಿ ಪೊರೆ ಕಿತ್ತುಬರುವುದಿಲ್ಲ. ಆದರೆ ಡಿವಿಡಿಗೆ ಇನ್ನೊಂದು ಕಾಟ. ಅಂಟು ಒಣಗುತ್ತಾ ಕಾಗದ ಕುಗ್ಗುತ್ತದೆ, ಡಿಸ್ಕ್ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಡೇಟಾ ಬರೆಯುವುದು ಒಳಗಿನಿಂದ ಹೊರಕ್ಕೆ, ಹಾಗಾಗಿ ಶುರುವಿನ ಭಾಗ ಚೆನ್ನಾಗೇ ಓಡುತ್ತದೆ, ಹೊರ ಅಂಚಿಗೆ ಬಂದಾಗ ಲೇಸರ್‌ಗೆ ಹಿಡಿತ ತಪ್ಪುತ್ತದೆ. ನನ್ನ ಗಿರಾಕಿಗಳು ಬಂದು "ಅಕ್ಷತೆ ತನಕ ಛಲೋ ಐತ್ರೀ, ಊಟದ ಪಂಕ್ತಿ ಬಂದ ಕೂಡಲೇ ನಿಂತು ಬಿಡ್ತದ" ಅನ್ನುತ್ತಿದ್ದರು. ಒಬ್ಬರಲ್ಲ, ಆರೇಳು ಮನೆಯವರು. ಬರ್ನ್ ಮಾಡುವುದರಲ್ಲೇ, ಅಂದರೆ ಡಿಸ್ಕಿಗೆ ಬರೆಯುವುದರಲ್ಲೇ ತಪ್ಪಾಗಿದೆ ಅಂತ ಎರಡು ವರ್ಷ ಡ್ರೈವ್ ಮೇಲೆ ಡ್ರೈವ್ ಬದಲಾಯಿಸಿದೆ. ಕಾರಣ ಸ್ಟಿಕ್ಕರ್ ಅಂತ ಗೊತ್ತಾದಾಗ ಆ ಮದುವೆಗಳ ಮೂಲ ಟೇಪು ನನ್ನ ಹತ್ತಿರ ಉಳಿದಿರಲಿಲ್ಲ. ಆ ಬೇಜಾರು ಇವತ್ತಿಗೂ ಇದೆ.

ಇನ್ನೊಂದು ಮಾತು. 52ಎಕ್ಸ್ (ಮಾಮೂಲಿಗಿಂತ 52 ಪಟ್ಟು ವೇಗದ) ಡ್ರೈವಿನಲ್ಲಿ ಸಿಡಿ ನಿಮಿಷಕ್ಕೆ 10,000 ಸುತ್ತಿನ ಆಸುಪಾಸು ತಿರುಗುತ್ತದೆ. ಸ್ಟಿಕ್ಕರ್ ಒಂದು ಮಿಲಿಮೀಟರ್ ಆಚೀಚೆ ಅಂಟಿದ್ದರೂ ತೂಕ ಒಂದು ಕಡೆ ವಾಲುತ್ತದೆ, ಆ ಗರಗರ ಅದೇ. ನೀವು ಡಿಸ್ಕ್ ಮೇಲೆ ನೇರ ಪ್ರಿಂಟ್ ಅಂದದ್ದು ಸರಿಯಾದ ದಾರಿ.

ತಿಪಟೂರು ಸೈಬರ್

ಅಣ್ಣಾ, ಹೊಸ ಪ್ರಿಂಟರ್ ತಗೊಳ್ಳುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಪೇಟೆಯಲ್ಲಿ ಪಿವಿಸಿ ಕಾರ್ಡ್ ಹಾಕಿಕೊಡುವ ಸೈಬರ್ ಅಂಗಡಿ ಇದ್ದೇ ಇರುತ್ತದೆ, ಆಧಾರ್, ವೋಟರ್ ಐಡಿ ಎಲ್ಲ ಪ್ಲಾಸ್ಟಿಕ್ ಕಾರ್ಡಿನ ಮೇಲೆ ಪ್ರಿಂಟ್ ಮಾಡಿಕೊಡುತ್ತಾರಲ್ಲ, ಅಂಥದ್ದು. ಅವರಲ್ಲಿ ತುಂಬಾ ಜನ ಬಳಸುವುದು ಎಪ್ಸನ್ ಎಲ್800 ಅಥವಾ ಎಲ್805. ಆ ಪ್ರಿಂಟರಿನ ಒಳಗೆ ಕಾರ್ಡ್ ಹೋಗುವ ದಾರಿ ನಿಜವಾಗಿ ಸಿಡಿ ಪ್ರಿಂಟ್ ಮಾಡಲು ಅಂತಲೇ ಮಾಡಿದ್ದು. ಪ್ರಿಂಟರ್ ಜೊತೆ ಬಂದ ಸಿಡಿ ಟ್ರೇ ಬದಲು ಎರಡು ಕಾರ್ಡ್ ಕೂರುವ ಟ್ರೇ ಹಾಕಿ ನಾವು ಕೆಲಸ ಮಾಡುತ್ತೇವೆ. ಮೂಲ ಸಿಡಿ ಟ್ರೇ ಎಲ್ಲೋ ಡ್ರಾಯರ್‌ನಲ್ಲಿ ಬಿದ್ದಿರುತ್ತದೆ. ನನ್ನದೂ ಹಾಗೇ ಬಿದ್ದಿತ್ತು, ಒಂದು ಶಾಲೆಯವರು ವಾರ್ಷಿಕೋತ್ಸವದ ಡಿವಿಡಿ ತಂದಾಗ ಧೂಳು ಹೊಡೆದು ತೆಗೆದೆ.

ಸ್ವಂತಕ್ಕೆ ತಗೊಳ್ಳುವುದಾದರೆ ಈಗ ಎಲ್8050 ಬಂದಿದೆ, ಅದರಲ್ಲೂ ಡಿಸ್ಕ್ ಪ್ರಿಂಟ್ ಆಗುತ್ತದೆ. 6 ಬಣ್ಣದ ಇಂಕ್ ಟ್ಯಾಂಕ್, ಫೋಟೋಗೂ ಒಳ್ಳೆಯದು.

ಡಿಸ್ಕ್ ಮಾತ್ರ "ಪ್ರಿಂಟೆಬಲ್" ಅಂತಲೇ ಕೇಳಿ ತಗೊಳ್ಳಿ. ಮೇಲ್ಗಡೆ ಬೆಳ್ಳಗೆ, ಸುಣ್ಣ ಬಳಿದ ಗೋಡೆ ಥರ ಇರುತ್ತದೆ. ಇಂಕ್ ಹೀರಿಕೊಳ್ಳುವ ಲೇಪನ ಅದು. ಮಾಮೂಲಿ ಬೆಳ್ಳಿ ಬಣ್ಣದ ಡಿಸ್ಕ್ ಮೇಲೆ ಹೊಡೆದರೆ ಇಂಕ್ ಒಣಗುವುದೇ ಇಲ್ಲ, ಮಾರನೇ ದಿನ ಬೆರಳು ತಾಗಿದರೂ ಬಳಿದುಕೊಂಡು ಬರುತ್ತದೆ.

ಪುತ್ತೂರಿನ ಕೃಷಿಕ

ಮಾರಾಯ್ರೆ, ನನ್ನ ಹತ್ತಿರ ಹಳೆಯ ಲ್ಯಾಪ್‌ಟಾಪ್ ಉಂಟು, ಅದರ ಮೇಲೆ ಲೈಟ್‌ಸ್ಕ್ರೈಬ್ ಅಂತ ಬರೆದಿದೆ. ಡಿಸ್ಕ್ ಮಗುಚಿ ಹಾಕಿದರೆ ಲೇಸರೇ ಲೇಬಲ್ ಬರೆಯುತ್ತಿತ್ತು. ಇಂಕ್ ಖರ್ಚೇ ಇಲ್ಲ. ಅದನ್ನು ಯಾಕೆ ಯಾರೂ ಹೇಳುವುದಿಲ್ಲ?

ಮೈಸೂರಿನ ಲಿನಕ್ಸ್ ಬಳಗದವ

ಲೈಟ್‌ಸ್ಕ್ರೈಬ್ ನನಗೂ ತುಂಬಾ ಇಷ್ಟ ಇತ್ತು ಸರ್. ಎಚ್‌ಪಿ ಕಂಪನಿ 2004ರಲ್ಲಿ ಪ್ರಕಟಿಸಿದ ತಂತ್ರ. ಡಿಸ್ಕಿನ ಮೇಲ್ಗಡೆ ವಿಶೇಷ ಬಣ್ಣದ ಲೇಪನ ಇರುತ್ತದೆ, ಲೇಸರ್ ಬಿದ್ದ ಕಡೆ ಅದು ಕಪ್ಪಾಗುತ್ತದೆ. ಡಿಸ್ಕಿನ ನಡುವಿನ ತೂತಿನ ಸುತ್ತ ಸಣ್ಣ ಗೆರೆಗಳ ಒಂದು ಗುರುತು ಇರುತ್ತಿತ್ತು, ಅದನ್ನು ಓದಿ ಡಿಸ್ಕ್ ಯಾವ ಕೋನದಲ್ಲಿದೆ ಅಂತ ಡ್ರೈವ್ ತಿಳಿದುಕೊಳ್ಳುತ್ತಿತ್ತು. ಅದಕ್ಕೇ ಒಮ್ಮೆ ಬರೆದದ್ದರ ಮೇಲೆ ಇನ್ನೊಮ್ಮೆ ಬರೆದು ಗಾಢ ಮಾಡಬಹುದಿತ್ತು, ಒಂದು ಕೂದಲೆಳೆಯೂ ಆಚೀಚೆ ಆಗುತ್ತಿರಲಿಲ್ಲ. ಎಷ್ಟು ಚಂದದ ಯೋಚನೆ ಅಲ್ವಾ?

ಆದರೆ ಡ್ರೈವ್ ಇದ್ದರೆ ಸಾಲದು, ಅದೇ ಲೇಪನದ ಡಿಸ್ಕ್ ಬೇಕು. ಈಗ ಹೊಸದು ಸಿಗುವುದಿಲ್ಲ. ಒಂದೇ ಬಣ್ಣ. ಪೂರ್ತಿ ಡಿಸ್ಕಿಗೆ 20 ನಿಮಿಷಕ್ಕೂ ಜಾಸ್ತಿ ಹಿಡಿಯುತ್ತಿತ್ತು. 280 ಡಿಸ್ಕಿಗೆ ಲೆಕ್ಕ ಹಾಕಿ. ಎಲ್ಲಕ್ಕಿಂತ ಮುಖ್ಯ, ಬಿಸಿಲಿಗೆ ಇಟ್ಟರೆ ಮಾಸಿಹೋಗುತ್ತದೆ. ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟ ನನ್ನ ಒಂದು ಡಿಸ್ಕಿನಲ್ಲಿ ಈಗ ಅಕ್ಷರ ಹುಡುಕಬೇಕು. ಯಮಾಹಾ, ಫ್ಯೂಜಿಫಿಲ್ಮ್ ಸೇರಿ ಲೇಬಲ್‌ಫ್ಲಾಶ್ ಅಂತ ಇನ್ನೊಂದು ತಂದಿದ್ದರು, ಅದೂ ಉಳಿಯಲಿಲ್ಲ.

ಲಿನಕ್ಸ್ ಬಳಸುವವರಿಗೆ ಒಂದು ಮಾತು: ಗುಟೆನ್‌ಪ್ರಿಂಟ್ ಡ್ರೈವರಿನಲ್ಲಿ ಹಲವು ಎಪ್ಸನ್ ಪ್ರಿಂಟರ್‌ಗಳಿಗೆ "ಪ್ರಿಂಟ್ ಟು ಸಿಡಿ" ಆಯ್ಕೆ ಇದೆ. ಪೇಪರ್ ಸೈಜಿನಲ್ಲಿ 5 ಇಂಚಿನ ಸಿಡಿ ಆರಿಸಿ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಸರಿಸಲೂ ಬರುತ್ತದೆ.

ನ್ಯೂಜೆರ್ಸಿ ಕನ್ನಡತಿ

ಇಲ್ಲಿ ಅಮೆರಿಕದಲ್ಲಿ ನಮ್ಮ ಮಕ್ಕಳ ಕನ್ನಡ ಶಾಲೆಯ ನಾಟಕಗಳನ್ನು ಡಿವಿಡಿ ಮಾಡಿ ಅಜ್ಜ ಅಜ್ಜಿಯರಿಗೆ ಊರಿಗೆ ಕಳಿಸುತ್ತಿದ್ದೆವು. ಆಗ ಒಂದು ವಿಚಿತ್ರ ನೋಡಿದೆ. ಕ್ಯಾನನ್ ಪಿಕ್ಸ್‌ಮಾ ಪ್ರಿಂಟರ್ ಒಂದೇ ಮಾಡೆಲ್, ಯುರೋಪ್, ಜಪಾನಿನಲ್ಲಿ ಸಿಡಿ ಟ್ರೇ ಸಮೇತ ಮಾರುತ್ತಿದ್ದರು, ಇಲ್ಲಿ ಮಾರಿದ್ದರಲ್ಲಿ ವರ್ಷಗಟ್ಟಲೆ ಆ ಸೌಲಭ್ಯ ಇರುತ್ತಿರಲಿಲ್ಲ. ಹಾಗಾಗಿ ಊರಿನವರೇ, ಹಳೆಯ ಪ್ರಿಂಟರ್ ಯಾರಾದರೂ ವಿದೇಶದಿಂದ ತಂದುಕೊಟ್ಟರೆ ಟ್ರೇ ಇದೆಯಾ, ಟ್ರೇ ಹೋಗುವ ಬಾಯಿ ತೆರೆಯುತ್ತದಾ ಅಂತ ಮೊದಲು ನೋಡಿ. ನಾನಂತೂ ಕೊನೆಗೆ ಎಪ್ಸನ್ ತಗೊಂಡೆ.

ಬಸವನಗುಡಿ ಡಿಟಿಪಿ

ಕನ್ನಡ ಅಕ್ಷರದ ಪ್ರಶ್ನೆಗೆ ನಾನು ಹೇಳುತ್ತೇನೆ, ಇದು ದಿನಾ ಮಾಡುವ ಕೆಲಸ.

ಪ್ರಿಂಟರ್ ಜೊತೆ ಬರುವ ಲೇಬಲ್ ಸಾಫ್ಟ್‌ವೇರ್‌ನಲ್ಲಿ ನೇರವಾಗಿ ಕನ್ನಡ ಟೈಪ್ ಮಾಡಲು ಹೋಗಬೇಡಿ. ಹಳೆಯ ಸಾಫ್ಟ್‌ವೇರ್‌ಗಳಲ್ಲಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತದೆ, ಅರ್ಕಾವತ್ತು ಎಲ್ಲೋ ಹೋಗುತ್ತದೆ. ನಿಮ್ಮ 2005ರ ಲೇಬಲ್‌ಗಳು ನುಡಿ ಅಥವಾ ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದಾಗ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಅವನ್ನು ಒಮ್ಮೆ ಯುನಿಕೋಡ್‌ಗೆ (ಎಲ್ಲ ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರ ವ್ಯವಸ್ಥೆಗೆ) ಪರಿವರ್ತಿಸಿ ಇಟ್ಟುಕೊಳ್ಳಿ, ಲೇಬಲ್‌ಗೆ ಅಂತಷ್ಟೇ ಅಲ್ಲ, ಮುಂದೆ ಹುಡುಕಲು ಬೇಕಾಗುತ್ತದೆ.

ಡಿಸೈನನ್ನು ಇಂಕ್‌ಸ್ಕೇಪ್‌ನಲ್ಲಿ ಮಾಡಿ, ಉಚಿತ, ಕನ್ನಡ ಚೆನ್ನಾಗಿ ಕೂರುತ್ತದೆ. 120 ಮಿಲಿಮೀಟರ್ ಚೌಕ ಹಾಕಿಕೊಳ್ಳಿ. ಮುಗಿದ ಮೇಲೆ ಚಿತ್ರವಾಗಿ ಉಳಿಸಿ. 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಒಂದು ಬದಿ 1417 ಪಿಕ್ಸೆಲ್, 600ಕ್ಕೆ 2835. ಆ ಚಿತ್ರವನ್ನು ಮಾತ್ರ ಪ್ರಿಂಟರಿನ ಸಾಫ್ಟ್‌ವೇರ್‌ಗೆ ಕೊಡಿ. ಅಕ್ಷರ ಒಡೆಯುವ ಪ್ರಶ್ನೆಯೇ ಬರುವುದಿಲ್ಲ.

ಮತ್ತೆ ದಯವಿಟ್ಟು ಕಪ್ಪು ಹಿನ್ನೆಲೆ ಮೇಲೆ ಬಿಳಿ ಸಣ್ಣ ಅಕ್ಷರ ಇಡಬೇಡಿ. ಇಂಕ್ ಹರಡಿ ಒತ್ತಕ್ಷರದ ಹೊಟ್ಟೆ ತುಂಬಿಹೋಗುತ್ತದೆ, "ತ್ತ" ಯಾವುದು "ತ್ರ" ಯಾವುದು ಗೊತ್ತಾಗುವುದಿಲ್ಲ. ಕಲಾವಿದರ ಹೆಸರು ಅಂದಮೇಲೆ ತಪ್ಪಾಗಿ ಓದುವ ಹಾಗಿರಬಾರದು. ಬಿಳಿ ಮೇಲೆ ಕಪ್ಪು, 9 ಪಾಯಿಂಟಿಗಿಂತ ಕಮ್ಮಿ ಬೇಡ, ಇದು ನನ್ನ ಲೆಕ್ಕ. ನಡುವೆ ತೂತು ಇರುವುದರಿಂದ ಉದ್ದ ಸಾಲನ್ನು ಮೇಲಿನ ಅರ್ಧದಲ್ಲಿ ಇಡಿ, ಅರ್ಥಧಾರಿಗಳ ಪಟ್ಟಿ ಕೆಳಗೆ.

ಸಿರಸಿಯ ತಾಳಮದ್ದಳೆ ಪ್ರಿಯ

ಅಕ್ಕಾ, ಇದು ಬಹಳ ಉಪಯೋಗ ಆಯಿತು. ನನ್ನ ಹಳೆಯ ಫೈಲ್ ಎಲ್ಲ ನುಡಿಯಲ್ಲೇ ಇದೆ. ಎರಡು ಸಂದೇಹ. ಮೊದಲು ಪ್ರಿಂಟ್ ಮಾಡಿ ಆಮೇಲೆ ಬರ್ನ್ ಮಾಡುವುದಾ, ಅಥವಾ ಬರ್ನ್ ಮೊದಲಾ? ಇನ್ನೊಂದು, ಮನೆ ಹುಡುಗರು "ಪೆನ್‌ಡ್ರೈವ್‌ಗೆ ಹಾಕಿ ಕೊಡಿ, ಈಗ ಯಾರು ಡಿವಿಡಿ ನೋಡುತ್ತಾರೆ" ಅನ್ನುತ್ತಾರೆ. ನಿಮಗೆ ಏನನ್ನಿಸುತ್ತದೆ?

ತಿಪಟೂರು ಸೈಬರ್

ಬರ್ನ್ ಮೊದಲು. ಪ್ರಿಂಟ್ ಮಾಡುವಾಗ ಡಿಸ್ಕ್ ಟ್ರೇ ಮೇಲೆ ಕೂರುತ್ತದೆ, ಒಂದಿಷ್ಟು ಧೂಳು, ಬೆರಳಿನ ಗುರುತು ಆಗೇ ಆಗುತ್ತದೆ. ಅದರ ಮೇಲೆ ಬರ್ನ್ ಮಾಡಿದರೆ ಬರವಣಿಗೆಯೇ ಕೆಡುತ್ತದೆ. ಹಸಿ ಇಂಕ್ ಇರುವ ಡಿಸ್ಕನ್ನು ಬಿಸಿ ಡ್ರೈವ್ ಒಳಗೆ ಹಾಕುವುದೂ ಒಳ್ಳೆಯದಲ್ಲ.

ಹುಬ್ಬಳ್ಳಿ ಸ್ಟುಡಿಯೋ

ಇದರಲ್ಲಿ ನನ್ನದು ಸ್ವಲ್ಪ ಬೇರೆ ಮಾತು. ಮದುವೆ ಸೀಸನ್ನಿನಲ್ಲಿ ನಾವು ಸ್ಟುಡಿಯೋ ಹೆಸರಿನ ಲೇಬಲ್ಲನ್ನು 100 ಡಿಸ್ಕಿಗೆ ಮೊದಲೇ ಹೊಡೆದು, ಒಂದು ದಿನ ಒಣಗಿಸಿ ಇಟ್ಟುಕೊಳ್ಳುತ್ತಿದ್ದೆವು. ಎಲ್ಲಕ್ಕೂ ಒಂದೇ ಲೇಬಲ್ ಆದರೆ ಅದು ನಡೆಯುತ್ತದೆ. ನಿಮ್ಮದು ಹಾಗಲ್ಲ, ಒಂದೊಂದು ಡಿಸ್ಕಿಗೂ ಬೇರೆ ಬೇರೆ ಹೆಸರು. ಪ್ರಿಂಟ್ ಮೊದಲಾದರೆ ಒಳಗೆ ಒಂದು ಪ್ರಸಂಗ, ಹೊರಗೆ ಇನ್ನೊಂದು ಪ್ರಸಂಗ ಆಗುವ ಅಪಾಯ ಇದೆ. ಅದಕ್ಕೆ ನೀವು 8ಎಕ್ಸ್ ವೇಗದಲ್ಲಿ ಬರ್ನ್ ಮಾಡಿ, ವೆರಿಫೈ ಹಾಕಿ (ಬರೆದದ್ದು ಸರಿಯಿದೆಯಾ ಅಂತ ಓದಿ ನೋಡುವುದು), ಪಾಸಾದ ಕೂಡಲೇ ನಡುವಿನ ಪಾರದರ್ಶಕ ಉಂಗುರದ ಮೇಲೆ ಸಣ್ಣದಾಗಿ ನಂಬರ್ ಬರೆಯಿರಿ. ಬಾಲ್ ಪೆನ್ ಬೇಡ, ಘಾಟು ವಾಸನೆಯ ಮಾರ್ಕರ್ ಬೇಡ. ನೀರಿನ ಇಂಕಿನ ಸಿಡಿ ಮಾರ್ಕರ್ ಅಂತಲೇ ಸಿಗುತ್ತದೆ. ಆ ನಂಬರ್ ನೋಡಿಕೊಂಡು ಆಮೇಲೆ ಪ್ರಿಂಟ್.

ತುಮಕೂರಿನ ಕಿರಿಯ ವಕೀಲ

ನಡುವೆ ಬಂದೆ, ಕ್ಷಮಿಸಿ. ಕೋರ್ಟಿಗೆ ಸಾಕ್ಷ್ಯವಾಗಿ ಕೊಡುವ ಸಿಡಿಗೂ ನಾವು ಹೀಗೇ ಮಾಡುತ್ತೇವೆ. ಹಿಂದೆ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಪ್ರಮಾಣಪತ್ರ ಕೊಡುತ್ತಿದ್ದೆವು. 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಂ ಬಂದಿದೆ, ಅದರ ನಮೂನೆಯಲ್ಲಿ ಫೈಲಿನ ಹ್ಯಾಶ್ ಸಂಖ್ಯೆಯನ್ನೂ (ಫೈಲ್ ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆ) ಬರೆಯಬೇಕು. ಡಿಸ್ಕ್ ಮೇಲೆ ಕೇಸ್ ನಂಬರ್ ಪ್ರಿಂಟ್ ಆಗಿದ್ದರೆ ಕವರ್ ಅದಲು ಬದಲಾದರೂ ಡಿಸ್ಕ್ ಕಳೆಯುವುದಿಲ್ಲ. ಸರ್, ನಿಮ್ಮ ಲೇಬಲ್ಲಿನಲ್ಲೂ ಒಂದು ಕ್ರಮಸಂಖ್ಯೆ ಇರಲಿ.

ಶಿವಮೊಗ್ಗದ ಸ್ಕ್ಯಾನಿಂಗ್ ಟೆಕ್ನಿಷಿಯನ್

ಡಿವಿಡಿ ಯಾರು ನೋಡುತ್ತಾರೆ ಅನ್ನುವ ಹುಡುಗರಿಗೆ ನಮ್ಮ ಕೆಲಸ ತೋರಿಸಬೇಕು. ಸಿಟಿ, ಎಂಆರ್‌ಐ ಮಾಡಿಸಿದವರ ಕೈಗೆ ಇವತ್ತಿಗೂ ನಾವು ಸಿಡಿ ಕೊಡುತ್ತೇವೆ. ದೊಡ್ಡ ಆಸ್ಪತ್ರೆಗಳಲ್ಲಿ ಬರ್ನ್ ಮಾಡಿ, ಯಂತ್ರದ ಕೈಯಲ್ಲೇ ಎತ್ತಿ, ರೋಗಿಯ ಹೆಸರು, ತಾರೀಕು ಪ್ರಿಂಟ್ ಮಾಡಿ ಹೊರಗಿಡುವ ಮೆಷಿನ್ ಇರುತ್ತವೆ. ಎಪ್ಸನ್‌ನ ಪಿಪಿ-100 ಇಂಕ್‌ಜೆಟ್. ರಿಮಾಜ್ ಎವರೆಸ್ಟ್ ಬಿಸಿಯಿಂದ ರಿಬ್ಬನ್ನಿನ ಬಣ್ಣ ಕೂರಿಸುವಂಥದ್ದು. ಆ ರಿಬ್ಬನ್ ಪ್ರಿಂಟಿಗೆ ನೀರು ತಾಗಿದರೂ ಏನೂ ಆಗುವುದಿಲ್ಲ, ಒಣಗಿಸುವ ಕೆಲಸವೂ ಇಲ್ಲ. ಆದರೆ 280 ಡಿಸ್ಕಿಗೆ ಅಂಥ ಮೆಷಿನ್ ಬೇಡ, ಖರ್ಚು ವಿಪರೀತ. ಸುಮ್ನೆ ಗೊತ್ತಿರಲಿ ಅಂತ ಹೇಳಿದೆ.

ಹಳ್ಳಿಯಿಂದ ಬಂದ ಅಜ್ಜಂದಿರು ಮೂರು ವರ್ಷದ ಹಿಂದಿನ ಸಿಡಿ ಹಿಡಿದುಕೊಂಡು ಬರುತ್ತಾರೆ. ಡಿಸ್ಕ್ ಮೇಲೆ ಹೆಸರು, ತಾರೀಕು ಇದ್ದದ್ದಕ್ಕೇ ಅದು ಅವರ ಮನೆಯಲ್ಲಿ ಉಳಿದಿರುತ್ತದೆ. ಹೆಸರಿಲ್ಲದ ಡಿಸ್ಕನ್ನು ಮನೆಯವರು ಗದ್ದೆಯಲ್ಲಿ ಹಕ್ಕಿ ಓಡಿಸಲು ಕಟ್ಟಿಬಿಡುತ್ತಾರೆ. ನಿಮ್ಮ ಡಿವಿಡಿಗೆ ಲೇಬಲ್ ಬೇಕೇ ಬೇಕು ಸರ್. ಪೆನ್‌ಡ್ರೈವ್ ಮೇಲೆ ಭಾಗವತರ ಹೆಸರು ಎಲ್ಲಿ ಬರೆಯುತ್ತೀರಿ?

ಪುತ್ತೂರಿನ ಕೃಷಿಕ

ನಮ್ಮ ಕರಾವಳಿಯವರಿಗೂ ನಿಮ್ಮ ಘಟ್ಟದ ಮೇಲಿನವರಿಗೂ ಒಂದು ಎಚ್ಚರಿಕೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಪ್ರಿಂಟ್ ಕೆಲಸ ಇಟ್ಟುಕೊಳ್ಳಬೇಡಿ. ಫೋಟೋ ಪ್ರಿಂಟಿನಲ್ಲಿ ನೋಡಿದ್ದೇನೆ, ಮಳೆಗಾಲದಲ್ಲಿ ಇಂಕ್ ಒಣಗುವುದಿಲ್ಲ, ಅಂಟು ಅಂಟಾಗಿಯೇ ಇರುತ್ತದೆ. ಒಂದರ ಮೇಲೊಂದು ಇಟ್ಟರೆ ಮೇಲಿನದರ ಬೆನ್ನಿಗೆ ಕೆಳಗಿನದರ ಹೆಸರು ಅಚ್ಚಾಗುತ್ತದೆ.

ತಿಪಟೂರು ಸೈಬರ್

ಹೌದು, ಇದು ಸರಿ. 24 ಗಂಟೆ ಬಿಡಿಬಿಡಿಯಾಗಿ ಹರಡಿ ಒಣಗಿಸಿ. ಬಿಸಿಲಿಗೆ ಇಡಬೇಡಿ, ಡಿಸ್ಕೂ ಬಾಗುತ್ತದೆ, ಬಣ್ಣವೂ ಮಾಸುತ್ತದೆ. ನೆರಳು, ಫ್ಯಾನ್ ಗಾಳಿ ಸಾಕು.

ಇನ್ನೊಂದು ಮುಖ್ಯ. ಸೆಟ್ಟಿಂಗಿನಲ್ಲಿ ಪ್ರಿಂಟ್ ಆಗಬೇಕಾದ ಬಿಳಿ ಭಾಗದ ಒಳ ವ್ಯಾಸ, ಹೊರ ವ್ಯಾಸ ಕೇಳುತ್ತದೆ. ಕೆಲವು ಡಿಸ್ಕಿನಲ್ಲಿ ಬಿಳಿ ಭಾಗ ತೂತಿನ ಹತ್ತಿರದ ತನಕ ಇರುತ್ತದೆ, ಕೆಲವದರಲ್ಲಿ 46 ಮಿಲಿಮೀಟರಿನಿಂದ ಆಚೆಗೆ ಮಾತ್ರ. ಸ್ಕೇಲ್ ಇಟ್ಟು ಅಳೆದು ಹಾಕಿ. ಜಾಸ್ತಿ ಕೊಟ್ಟರೆ ಇಂಕ್ ಡಿಸ್ಕ್ ದಾಟಿ ಟ್ರೇ ಮೇಲೆ ಬೀಳುತ್ತದೆ, ಮುಂದಿನ ಡಿಸ್ಕ್ ಇಟ್ಟಾಗ ಅದರ ಓದುವ ಬದಿಗೆ ಮೆತ್ತಿಕೊಳ್ಳುತ್ತದೆ. ಪ್ರತಿ ಸಲ ಟ್ರೇ ಒರೆಸುವ ಅಭ್ಯಾಸ ಇರಲಿ.

ಹುಬ್ಬಳ್ಳಿ ಸ್ಟುಡಿಯೋ

ಡಿಸ್ಕ್ ಬೇಗ ಖರೀದಿಸಿ ಸರ್. 2007ರಲ್ಲಿ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34ಕ್ಕೆ ಡಿವಿಡಿ ಅಂತ ಸಿನಿಮಾ ಮಾರುತ್ತಿದ್ದ ಕಾಲ ನೆನಪಿದೆಯಾ? ಆ ಕಂಪನಿ ಮುಚ್ಚಿಹೋಯಿತು. ಜಪಾನಿನ ತಾಯೋ ಯೂಡೆನ್ 2015ರ ಕೊನೆಗೆ ಡಿಸ್ಕ್ ಮಾಡುವುದು ಬಿಟ್ಟಿತು, ಅವರ ನೀರು ತಡೆಯುವ ಹೊಳಪಿನ ಡಿಸ್ಕಿನಷ್ಟು ಚಂದದ ಪ್ರಿಂಟ್ ನಾನು ಬೇರೆಯದರಲ್ಲಿ ನೋಡಿಲ್ಲ. ಸೋನಿ 2025ರ ಫೆಬ್ರವರಿಗೆ ಬರೆಯುವ ಬ್ಲೂ-ರೇ ನಿಲ್ಲಿಸಿತು. ಹಳೆಯ ಸ್ಟಾಕ್ ಕೊಳ್ಳುವಾಗ ಅಂಗಡಿಯವರು ತೋರಿಸಿದ್ದನ್ನು ಹಾಗೇ ತರಬೇಡಿ. ಒಂದು ಡಬ್ಬಿ ತಂದು, ಐದು ಬರ್ನ್ ಮಾಡಿ, ಐದು ಪ್ರಿಂಟ್ ಮಾಡಿ, ಆಮೇಲೆ ಉಳಿದದ್ದು.

ಸಿರಸಿಯ ತಾಳಮದ್ದಳೆ ಪ್ರಿಯ

ಮೂರು ವಾರ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ನಮ್ಮ ಬಸ್‌ಸ್ಟ್ಯಾಂಡ್ ಹತ್ತಿರವೇ ಪಿವಿಸಿ ಕಾರ್ಡ್ ಮಾಡುವ ಹುಡುಗ ಸಿಕ್ಕಿದ. ಎಲ್805 ಇತ್ತು. ಸಿಡಿ ಟ್ರೇ ಇದೆಯಾ ಅಂತ ಕೇಳಿದೆ. ಲ್ಯಾಮಿನೇಷನ್ ಹಾಳೆಗಳ ಕೆಳಗಿನಿಂದ ತೆಗೆದ, ಹೊಚ್ಚಹೊಸದು, ಒಮ್ಮೆಯೂ ಬಳಸಿರಲಿಲ್ಲ. ಹಾಳಾದ ಒಂದು ಪ್ರಿಂಟೆಬಲ್ ಡಿಸ್ಕ್ ಮೇಲೆ ಮೊದಲು ಬರೀ ವೃತ್ತದ ಗೆರೆ ಹೊಡೆದು ನೋಡಿದೆವು. ಬಲಕ್ಕೆ ಒಂದು ಮಿಲಿಮೀಟರ್ ಸರಿದಿತ್ತು. ಸರಿಮಾಡಿ, ಎರಡನೆಯ ಸಲಕ್ಕೆ ನಡುವೆ ಕೂತಿತು. ನನ್ನ ಡಿಸ್ಕಿನ ಬಿಳಿ ಭಾಗ ಅಳೆದರೆ 23ರಿಂದ 117 ಮಿಲಿಮೀಟರ್. ನಾನು 24 ಮತ್ತು 116 ಕೊಟ್ಟೆ, ಟ್ರೇಗೆ ಇಂಕ್ ತಾಗಲಿಲ್ಲ. ಒಳಗಿನ ಉಂಗುರದ ಏಣಿನ ಮೇಲೆ ಬಣ್ಣ ಸ್ವಲ್ಪ ಬೇರೆ ಕಾಣುತ್ತದೆ, ಅಲ್ಲಿ ಅಕ್ಷರ ಇಟ್ಟಿಲ್ಲ, ತೊಂದರೆ ಇಲ್ಲ.

ಬಾಣದ ಗುರುತಿಗೆ ಟ್ರೇ ಹೊಂದಿಸಿ ಇಟ್ಟ ಕೂಡಲೇ ಪ್ರಿಂಟರ್ ಒಳಗೆ ಎಳೆದುಕೊಂಡು, ಸಾಲು ಸಾಲಾಗಿ ಹೊರಗೆ ತಳ್ಳುತ್ತಾ ಬಂತು. ಮೊದಲು ಪ್ರಸಂಗದ ಹೆಸರು, ಆಮೇಲೆ ಭಾಗವತರು, ಕೊನೆಗೆ ಊರು. ಒಂದು ಒತ್ತಕ್ಷರವೂ ಒಡೆದಿಲ್ಲ. ಅಕ್ಕಾ, ನಿಮಗೆ ಎಷ್ಟು ಹೇಳಿದರೂ ಸಾಲದು.

ಇಲ್ಲಿಯ ತನಕ 62 ಡಿಸ್ಕ್ ಆಗಿದೆ. ಎರಡು ವೆರಿಫೈನಲ್ಲಿ ಫೇಲ್ ಆದವು, ಪ್ರಿಂಟ್‌ಗೆ ಹೋಗುವ ಮೊದಲೇ ಗೊತ್ತಾದದ್ದು ಒಳ್ಳೆಯದಾಯಿತು. ಅಟ್ಟದ ಮೇಲೆ ಅಡಿಕೆ ಹರಡುವ ಚಾಪೆ ಹಾಸಿ ಒಣಗಲು ಇಟ್ಟಿದ್ದೇನೆ. ಮಳೆ ಹಿಡಿಯುವುದರೊಳಗೆ ಉಳಿದ 218 ಮುಗಿಸಬೇಕು. ಹಳೆಯ ಸ್ಟಿಕ್ಕರ್ ಅಂಟಿದ ಸಿಡಿಗಳಲ್ಲಿ 35ಕ್ಕೆ ಮೂಲ ಕ್ಯಾಸೆಟ್ ಸಿಗುತ್ತಿಲ್ಲ, ಅವನ್ನು ಆ ಸಿಡಿಯಿಂದಲೇ ಕಾಪಿ ಮಾಡಬೇಕು. ಸ್ಟಿಕ್ಕರ್ ಕೀಳದೆ, ಡ್ರೈವಿನ ವೇಗ ಕಮ್ಮಿ ಮಾಡಿ ಓದಿಸುವ ಉಪಾಯ ಯಾರಿಗಾದರೂ ಗೊತ್ತಾ?

ಮೈಸೂರಿನ ಲಿನಕ್ಸ್ ಬಳಗದವ

ಆಗುತ್ತದೆ ಸರ್. ಲಿನಕ್ಸ್‌ನಲ್ಲಿ ಎಜೆಕ್ಟ್ ಕಮಾಂಡಿಗೆ ವೇಗ ಹೇಳುವ ಆಯ್ಕೆ ಇದೆ, 4ಎಕ್ಸ್‌ಗೆ ಇಳಿಸಿ. ಆಮೇಲೆ ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಮಿನಿಂದ ಓದಿಸಿ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು, ಹಾಳಾದ ಜಾಗಕ್ಕೆ ಆಮೇಲೆ ಮತ್ತೆ ಮತ್ತೆ ಬರುತ್ತದೆ. ಆಡಿಯೋ ಸಿಡಿಗೆ ಮಾತ್ರ ಡಿಡಿರೆಸ್ಕ್ಯೂ ಆಗುವುದಿಲ್ಲ, ಅದಕ್ಕೆ ಸಿಡಿಪ್ಯಾರಾನಾಯ ಬಳಸಿ. ಅಂಚು ಎದ್ದಿರುವ ಡಿಸ್ಕನ್ನು ಕಾರಿನ ಪ್ಲೇಯರಿಗಾಗಲಿ, ಬಾಯೊಳಗೆ ಎಳೆದುಕೊಳ್ಳುವ ಲ್ಯಾಪ್‌ಟಾಪಿಗಾಗಲಿ ಹಾಕಬೇಡಿ, ಸಿಕ್ಕಿಹಾಕಿಕೊಳ್ಳುತ್ತದೆ. ಟ್ರೇ ಹೊರಗೆ ಬರುವ ಡ್ರೈವೇ ಬೇಕು. ನನ್ನ ಹತ್ತಿರ ಅಂಥ ಎರಡು ಹಳೆಯ ಡ್ರೈವ್ ಇವೆ, ವಿಳಾಸ ಖಾಸಗಿಯಾಗಿ ಕಳಿಸಿ, ಒಂದನ್ನು ಪಾರ್ಸೆಲ್ ಮಾಡುತ್ತೇನೆ.